ಮಲಿಕ್ ಅಂಬರ್: ನಮ್ಮ ಸೀಮೆಯ ಕಪ್ಪು ನಾಯಕ

ಪ್ರಶ್ನೆ: ಕಪ್ಪು ಜನರ ಇತಿಹಾಸವೆಂದರೆ ಅಮೆರಿಕದ ಮಾತೇ ಬರುತ್ತದೆ. ನಮ್ಮ ಮಾಕಣಿ, ಉದಗೀರ ಕಡೆ ಅಂಥ ನಾಯಕರಿಲ್ಲವೇ?

ಉತ್ತರ: ಇದ್ದಾರೆ, ಅದೂ ಮಾರ್ಟಿನ್ ಲೂಥರ್ ಕಿಂಗ್‌ಗಿಂತ ಮುನ್ನೂರು ವರ್ಷ ಮೊದಲೇ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಬಾಗ್ದಾದ್ ದಾಟಿ ಬಂದ ಮಲಿಕ್ ಅಂಬರ್, 1600ರಲ್ಲಿ ಅಹಮದ್‌ನಗರ ಮೊಗಲರ ವಶವಾದ ಮೇಲೆ ಅಲ್ಲಿನ ಸುಲ್ತಾನರ ಮನೆತನವಾದ ನಿಜಾಮಶಾಹಿಯನ್ನು ಪರಾಂಡಾ ಕೋಟೆಯಲ್ಲಿ ಮತ್ತೆ ನಿಲ್ಲಿಸಿದ. ಅವನ ಗೆರಿಲ್ಲಾ ಯುದ್ಧವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವನ ಆಡಳಿತ. ನೆಲದ ಗುಣ, ಬೆಳೆಯ ಹುಟ್ಟುವಳಿ ನೋಡಿ ಕಂದಾಯ ನಿಗದಿ ಮಾಡಿದ. ಖಡಕಿ ಪಟ್ಟಣ ಕಟ್ಟಿ (ಮುಂದೆ ಅದೇ ಔರಂಗಾಬಾದ್) ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಬರದ ಮರಾಠವಾಡಾದಲ್ಲಿ ಇದು ಕೋಟೆ ಗೆದ್ದದ್ದಕ್ಕಿಂತ ಹೆಚ್ಚು.

ಸುಲ್ತಾನನನ್ನು ಗೊಂಬೆ ಮಾಡಿ ತಾನೇ ಆಳಿದನಲ್ಲ ಎಂಬ ಆಕ್ಷೇಪ ನಿಜವೇ. ಅಧಿಕಾರದಾಹಿ ಅವನು, ಸಂತನೆಂದು ಪೂಜಿಸಬೇಕಿಲ್ಲ. ಆದರೆ ಮಾರಾಟವಾದ ಮನುಷ್ಯನೊಬ್ಬ ಆ ಅಧಿಕಾರದಿಂದ ಏನು ಮಾಡಿದ ಎಂಬುದೇ ಅಳತೆ. ಅವನೊಬ್ಬನೇ ಅಪವಾದ ಎನ್ನುವಂತೆಯೂ ಇಲ್ಲ: 1636ರಲ್ಲಿ ಮೊಗಲರು ಮುತ್ತಿದಾಗ ನಿಮ್ಮ ಉದಗೀರ ಕೋಟೆಯನ್ನು ಕಾಯುತ್ತಿದ್ದವನು ಅವನಂತೆಯೇ ಆಫ್ರಿಕಾ ಮೂಲದ ಸಿದ್ದಿ ಮಿಫ್ತಾ. ಅಂಬರ್ 1626ರಲ್ಲಿ ತೀರಿಕೊಂಡ. ಅವನ ಗೋರಿ ಖುಲ್ತಾಬಾದಿನಲ್ಲಿದೆ, ಪಕ್ಕದ ವೇರೂಳಕ್ಕೆ ಹೋದಾಗ ತಪ್ಪದೆ ನೋಡಿ ಬನ್ನಿ.