ಆ ಚಿತ್ರವನ್ನು ಮುಂದಕ್ಕೆ ಕಳುಹಿಸದಿರಿ

ಹಿಂದೆ ಸಹಪಾಠಿಯನ್ನು ಹೀಯಾಳಿಸಿ ಕರಿಹಲಗೆಯ ಮೇಲೆ ಬರೆದ ಮಾತನ್ನು ಅಧ್ಯಾಪಕರು ಒರೆಸಿಬಿಡುತ್ತಿದ್ದರು. ಇಂದು ಅದೇ ಮಾತು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತದೆ. ಮಗುವನ್ನು ಮನೆಯವರೆಗೂ ಹಿಂಬಾಲಿಸುತ್ತದೆ.

ನೊಂದ ಮಗು ಬಳಿಗೆ ಬಂದಾಗ "ನಿನಗೆ ಮೊಬೈಲ್ ಕೊಟ್ಟವರಾರು?" ಎಂದು ಗದರುವುದುಂಟು. ನಾವೂ ಹಾಗೆ ಗದರಿದವರೇ. ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಮೊದಲು ಆಲಿಸಬೇಕು. ನಿಂದನೆಯ ಸಂದೇಶಗಳನ್ನು ಅಳಿಸಗೊಡದೆ, ಕಳುಹಿಸಿದವರ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿರಿಸಬೇಕು.

ಆದರೆ ಮಗುವಿನ ಅಶ್ಲೀಲ ಚಿತ್ರವಿದ್ದಲ್ಲಿ ಈ ಕ್ರಮ ಸಲ್ಲದು. ಮುಖ್ಯೋಪಾಧ್ಯಾಯರ ಗಮನಕ್ಕೆ ತರುವ ಸದುದ್ದೇಶದಿಂದಲೂ ಅದನ್ನು ನಕಲು ಮಾಡಬಾರದು, ಯಾರಿಗೂ ಕಳುಹಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67-ಬಿ ಕಲಮಿನ ಪ್ರಕಾರ ಅಂತಹ ಚಿತ್ರಗಳನ್ನು ಹಂಚುವುದು ಮೊದಲ ಬಾರಿಗೇ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಚಿತ್ರ ಇದ್ದಲ್ಲೇ ಇರಲಿ. ಕಂಡದ್ದನ್ನು ಬರೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮು ಈ ಹೊಣೆಯನ್ನು ವಿಷಯ ತಿಳಿದ ಪ್ರತಿಯೊಬ್ಬರ ಮೇಲೆ ಹೊರಿಸಿದೆ. "ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ" ಎಂದು ಶಿಕ್ಷಕರು ಕೈತೊಳೆದುಕೊಳ್ಳುವಂತಿಲ್ಲ.

ಶಾಲೆಯ ಮರ್ಯಾದೆಯ ಪ್ರಶ್ನೆ ಏಳುವುದು ಇಲ್ಲಿಯೇ. ಮರ್ಯಾದೆ ಉಳಿಸಲೆಂದು ಮುಚ್ಚಿಟ್ಟರೆ ಅದರ ಬೆಲೆಯನ್ನು ತೆರುವುದು ಆ ಮಗು. ಈ ಲೆಕ್ಕವನ್ನು ನ್ಯಾಯವೆಂದು ನಾವು ಒಪ್ಪಲಾರೆವು.

ಕೀಟಲೆ ಮಾಡಿದವನೂ ನಮ್ಮ ವಿದ್ಯಾರ್ಥಿಯೇ ಸರಿ. ಆದರೂ ಇಬ್ಬರನ್ನು ಎದುರುಬದುರು ಕೂರಿಸಿ ವಿಚಾರಿಸುವುದು ಬೇಡ. ಅವನ ತಂದೆತಾಯಿಯರನ್ನು ಬೇರೆ ದಿನ ಕರೆಯಿಸೋಣ. ಮಕ್ಕಳ ಸಹಾಯವಾಣಿ 1098 ದಿನವಿಡೀ ಲಭ್ಯ. ಆ ಸಂಖ್ಯೆ ಶಿಕ್ಷಕರ ಕೊಠಡಿಯಲ್ಲಷ್ಟೇ ಅಲ್ಲ, ಮಕ್ಕಳ ಕಣ್ಣಿಗೆ ಬೀಳುವೆಡೆಯೂ ಇರಲಿ.