ಎಣ್ಣೆ ಎಲೆಯಲ್ಲಿ, ಕಾವು ಸೌದೆಯಲ್ಲಿ

ನಮ್ಮ ಕೋಲಾರದ ಕಡೆ ನೀಲಗಿರಿಯನ್ನು ಬೈಯದವರಿಲ್ಲ, ಅದರ ಸೌದೆ ಉರಿಸದವರೂ ಇಲ್ಲ. ಅಂತರ್ಜಲದ ಚಿಂತೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆದರೆ ಕಡಿದರೂ ಬೊಡ್ಡೆಯಿಂದ ಚಿಗುರುವ ಮರ ಅದು. ನಮ್ಮ ಬಚ್ಚಲೊಲೆಗೆ ಈಗಲೂ ಅದೇ ಗತಿ.

‘ಎಣ್ಣೆ ಮರ, ಸೀಮೆಎಣ್ಣೆ ಥರ ಹತ್ಕೊಳ್ಳುತ್ತೆ’ ಅನ್ನುತ್ತಾರೆ. ಅರ್ಧ ನಿಜ. ಎಣ್ಣೆ ಇರುವುದು ಎಲೆಯಲ್ಲಿ. ಹಸಿ ಎಲೆಯನ್ನು ಬಿಸಿಲಿಗೆ ಹಿಡಿದರೆ ಅದರ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಆ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಸುಮಾರು 50 ಡಿಗ್ರಿಗೇ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ತರಗು ಚಟಪಟ ಎಂದು ಭಗ್ಗನೆ ಏಳುವುದು ಅದರಿಂದಲೇ. ಎದ್ದಷ್ಟೇ ಬೇಗ ಬೂದಿ. ತರಗಿನಲ್ಲೇ ಹಂಡೆ ಕಾಯಿಸುತ್ತೇನೆಂದರೆ ಒಲೆ ಮುಂದಿನಿಂದ ಏಳುವಂತಿಲ್ಲ.

ಸೌದೆಯ ಸ್ವಭಾವ ಬೇರೆ. ಅದರಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ, ಗಟ್ಟಿತನ ಜಾಸ್ತಿ. ಹತ್ತಿಕೊಳ್ಳಲು ಸತಾಯಿಸುತ್ತದೆ, ಹತ್ತಿತೆಂದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕೆಡಿಸುವುದು ನೀರು. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಲೆಗಿಟ್ಟರೆ ತುದಿಯಲ್ಲಿ ಬುಸುಬುಸು ನೊರೆ, ಮನೆ ತುಂಬ ಬಿಳಿ ಹೊಗೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಕುದಿಯುವವರೆಗಿನ ಕಾವು ಬೇರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಒಲೆ ತಣ್ಣಗಾಗಿ, ಮರದಿಂದ ಹೊರಟ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಕಣ್ಣುರಿಸುವ ಆ ಹೊಗೆ, ಉರಿಯಬೇಕಾಗಿದ್ದ ಸೌದೆಯೇ.

ನಮ್ಮತ್ತೆಯ ಕಟ್ಟುನಿಟ್ಟು ಒಂದೇ: ಹಸಿ ಇದ್ದಾಗಲೇ ಸೀಳಿಸಬೇಕು. ನೀಲಗಿರಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಣಗಿದ ಮೇಲೆ ಕೊಡಲಿ ಹಾಕಿದರೆ ಕೊಡಲಿಯೇ ಸಿಕ್ಕಿಕೊಳ್ಳುತ್ತದೆ, ಕೂಲಿಯವರು ಬೈದುಕೊಳ್ಳುತ್ತಾರೆ. ಸೀಳಿ, ಅಡಿಗೆ ಕಲ್ಲು ಕೊಟ್ಟು, ಗಾಳಿಯಾಡುವಂತೆ ಒಟ್ಟಿ, ಮೇಲೊಂದು ಶೀಟು ಹೊದಿಸಿದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ತುದಿಗಳು ಬಿರುಕು ಬಿಟ್ಟಿರುತ್ತವೆ. ಎರಡು ತುಂಡು ಕುಟ್ಟಿದರೆ ಟಣ್ ಅನ್ನಬೇಕು. ಮಂಕಾಗಿ ದಬ್ ಅಂದರೆ ಇನ್ನೂ ಹಸಿ.

ಸೌದೆ ಡಿಪೋದಲ್ಲಿ ಟನ್ ಲೆಕ್ಕ. ಹಸಿಯದು ಅಗ್ಗವೆಂದು ಲೋಡು ಹಾಕಿಸಿಕೊಂಡರೆ ದುಡ್ಡು ಅರ್ಧ ನೀರಿಗೆ ಹೋಯಿತೆಂದೇ ಲೆಕ್ಕ. ನಾನಂತೂ ಮೊದಲು ಎರಡು ತುಂಡು ಕುಟ್ಟಿ ನೋಡಿ, ಆಮೇಲೆ ರೇಟು ಮಾತಾಡುತ್ತೇನೆ.