ಬಣ್ಣ ಹಚ್ಚಿದವರೇ ಕಾವಲು

ಕಲಾವಿದರೂ ನೆರೆಹೊರೆಯವರೂ ಸೇರಿ ಬೆಂಗಳೂರಿನ ಬೀದಿಗಳಲ್ಲಿ ಮಾಡಿದ ಕೆಲಸ ಕೋಲಾರದ ಪೇಟೆಗಳಿಗೂ ಒಗ್ಗುವಂಥದ್ದು

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತುವವರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸು ಹಿಡಿಯುವವರು ಬೆಂಗಳೂರಿನ ಮೇಲ್ಸೇತುವೆಯ ಕಂಬಗಳ ಮೇಲೆ ತ್ರಿಕೋನಗಳ ಬಣ್ಣಬಣ್ಣದ ಚಿತ್ತಾರ ಕಂಡಿರಬಹುದು. ಪೋಸ್ಟರ್ ಹರಿದು, ಧೂಳು ಮೆತ್ತಿಕೊಂಡು ನಿಂತಿದ್ದ ಕಂಬಗಳವು. ಅವಕ್ಕೆ ಬಣ್ಣ ಬಳಿದವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಗೋಡೆಗೆ ಬ್ರಷ್ ಮುಟ್ಟಿಸಿದವರೇ ಅಲ್ಲ. ಕಚೇರಿ ನೌಕರರು, ಗೃಹಿಣಿಯರು, ಶಾಲಾ ಮಕ್ಕಳು ರಜೆಯ ದಿನ ಬೆಳಿಗ್ಗೆ ಬಂದು ಮಾಡಿಹೋದ ಕೆಲಸ ಅದು.

ಇದರ ಹಿಂದಿರುವುದು 'ದಿ ಅಗ್ಲಿ ಇಂಡಿಯನ್' ಎಂಬ ಬಳಗ. 2010ರ ಸುಮಾರಿಗೆ ಚರ್ಚ್ ಸ್ಟ್ರೀಟ್‌ನ ಕಸದ ಮೂಲೆಗಳಿಂದ ಕೆಲಸ ಆರಂಭಿಸಿದ ಇವರು ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ, ವೇದಿಕೆಯಲ್ಲಿ ಮುಖ ತೋರಿಸುವುದಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂಬುದೇ ಇವರ ಘೋಷವಾಕ್ಯ. ಬೈಗುಳವಿಲ್ಲ, ಭಾಷಣವಿಲ್ಲ, ಯಾರ ಮೇಲೂ ದೂರಿಲ್ಲ.

ಇವರ ವಿಧಾನ ಸರಳವಾಗಿ ಕಂಡರೂ ಹಿಂದೆ ತಾಳ್ಮೆಯಿದೆ. ಊರನ್ನೆಲ್ಲ ಒಮ್ಮೆಲೇ ತಿದ್ದಲು ಹೋಗದೆ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳುತ್ತಾರೆ. ಕಸ ಅಲ್ಲೇ ಏಕೆ ಬೀಳುತ್ತಿದೆ, ಯಾವ ಹೊತ್ತಿಗೆ, ಯಾರಿಂದ ಎಂದು ಮೊದಲು ಗಮನಿಸುತ್ತಾರೆ. ಪೌರಕಾರ್ಮಿಕರನ್ನು, ಅಂಗಡಿಯವರನ್ನು, ಬೀದಿ ವ್ಯಾಪಾರಿಗಳನ್ನು ಮಾತಾಡಿಸುತ್ತಾರೆ. ಆಮೇಲೆ ಗುದ್ದಲಿ, ಬಾಣಲಿ. ಕಸ ತೆಗೆದು, ಗೋಡೆ ಉಜ್ಜಿ ತೊಳೆದು, ಒಡೆದ ಕಲ್ಲುಚಪ್ಪಡಿ ಸರಿಪಡಿಸಿದ ಮೇಲಷ್ಟೇ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಗಾಢ ಬಣ್ಣ ಹಚ್ಚುವುದಕ್ಕೂ ಕಾರಣವಿದೆ: ಕೆಸರು ಸಿಡಿದರೂ ಎಲೆ ಅಡಿಕೆಯ ಉಗುಳು ಬಿದ್ದರೂ ಅದು ಎದ್ದು ಕಾಣುವುದಿಲ್ಲ.

ಕಂಬಗಳಿಗೆ ತ್ರಿಕೋನಗಳನ್ನೇ ಆರಿಸಿದ್ದರಲ್ಲೂ ಇಂಥದೇ ವಿವೇಕವಿದೆ. ನವಿಲನ್ನೋ ಅರಮನೆಯನ್ನೋ ಬರೆಯಲು ಪಳಗಿದ ಕೈ ಬೇಕು. ಅಂಟುಪಟ್ಟಿ ಹಚ್ಚಿ ಗೆರೆ ಗುರುತಿಸಿದ ತ್ರಿಕೋನದೊಳಗೆ ಬಣ್ಣ ತುಂಬಲು ಹತ್ತು ವರ್ಷದ ಮಗುವಿಗೂ ಬರುತ್ತದೆ. ವಿನ್ಯಾಸ ಹಾಕಿಕೊಡುವುದು ಕಲಾವಿದನ ಪಾಲು, ತುಂಬುವುದು ಬೀದಿಯವರ ಪಾಲು. ತನ್ನ ಕೈಯಾರೆ ತುಂಬಿದ ತ್ರಿಕೋನದ ಮೇಲೆ ಪೋಸ್ಟರ್ ಬಿದ್ದರೆ ಕಿತ್ತುಹಾಕಲು ಆ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪಾಲುದಾರಿಕೆಯ ಬೆಲೆ ತಿಳಿಯಲು ಅದೇ ಊರಿನ ಇನ್ನೊಂದು ಪ್ರಯತ್ನವನ್ನು ನೋಡಬೇಕು. 2009ರ ಹೊತ್ತಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತು. ಹಂಪಿ, ಜೋಗ, ಮೈಸೂರು ಅರಮನೆ, ಕಾಡುಪ್ರಾಣಿಗಳು ಗೋಡೆಗಳ ತುಂಬ ಬಂದವು. ಬರೆದವರು ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಅವರ ಕೈಗೆ ಮತ್ತೆ ಬ್ರಷ್ ಬಂದದ್ದು ನಿಜಕ್ಕೂ ದೊಡ್ಡ ಮಾತು. ಆದರೆ ಅಲ್ಲಿ ಬರೆಸುವವರು ಪಾಲಿಕೆಯವರು, ಬರೆಯುವವರು ಕಲಾವಿದರು. ಬೀದಿಯ ಜನರ ಪಾಲಿಗೆ ಉಳಿದದ್ದು ನೋಡುವುದು ಮಾತ್ರ.

ಒಬ್ಬನೇ ಕಲಾವಿದ ಬೀದಿಯ ದನಿಯಾದದ್ದೂ ಉಂಟು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಆಳೆತ್ತರಕ್ಕಿಂತ ಉದ್ದದ ಮೊಸಳೆಯೊಂದನ್ನು ಮಾಡಿಟ್ಟರು. ನೆರೆಯವರು ಸುತ್ತ ನೆರೆದರು, ಪತ್ರಿಕೆಗಳು ಬರೆದವು, ಸ್ವಲ್ಪ ದಿನದಲ್ಲೇ ರಸ್ತೆ ದುರಸ್ತಿಯಾಯಿತು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ 'ಅರವಾನಿ ಆರ್ಟ್ ಪ್ರಾಜೆಕ್ಟ್' ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರ ಕೈಗೆ ಬ್ರಷ್ ಕೊಟ್ಟು ಸಾರ್ವಜನಿಕ ಗೋಡೆಗಳ ಮುಂದೆ ನಿಲ್ಲಿಸಿತು. ಊರು ಕಂಡೂ ಕಾಣದಂತೆ ದಾಟಿಹೋಗುತ್ತಿದ್ದವರ ಜೊತೆ ದಾರಿಹೋಕರು ನಿಂತು ಮಾತಾಡಿದರು, ತಾವೂ ಬಣ್ಣ ಹಿಡಿದರು. ಗೋಡೆ ಅಂದಗಾಣುವುದಕ್ಕಿಂತ ಇದು ಹಿರಿದಾದ ಕೆಲಸ.

ಅಮೆರಿಕದ ಫಿಲಡೆಲ್ಫಿಯಾ ನಗರವೂ ಇದೇ ದಾರಿ ಹಿಡಿದಿತ್ತು. 1984ರಲ್ಲಿ ಅಲ್ಲಿನ ನಗರಾಡಳಿತ ಗೋಡೆಗಳ ಮೇಲೆ ಕಂಡಕಂಡಂತೆ ಗೀಚುತ್ತಿದ್ದ ಹುಡುಗರಿಗೇ ಭಿತ್ತಿಚಿತ್ರ ಕಲಿಸಲು ಜೇನ್ ಗೋಲ್ಡನ್ ಎಂಬ ಕಲಾವಿದೆಯನ್ನು ನೇಮಿಸಿತು. ಆ ಯೋಜನೆಯಿಂದ ಸಾವಿರಾರು ಭಿತ್ತಿಚಿತ್ರಗಳು ಮೂಡಿವೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಕೈಗಳೂ ಇವೆ, ಕೂಡಿಬಾಳುವ ರೂಢಿಯೂ ಇದೆ. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆಯ ರಾತ್ರಿ ಹಾಡು, ನಾಟಕಕ್ಕೆ ಪೇಟೆಯವರನ್ನೂ ಹಳ್ಳಿಯವರನ್ನೂ ಒಟ್ಟಿಗೆ ಕೂರಿಸಿದೆ. ಬೆಳಗೆದ್ದು ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಎಳೆಯುವ ಹೆಣ್ಣುಮಕ್ಕಳಿಗೆ ತ್ರಿಕೋನದ ವಿನ್ಯಾಸ ಯಾವ ಲೆಕ್ಕ? ಕೋಲಾರದ ಕಾಂಪೌಂಡ್ ಗೋಡೆಗಾಗಲಿ ಶ್ರೀನಿವಾಸಪುರದ ಶಾಲೆಯ ಗೋಡೆಗಾಗಲಿ ಅವರಿಗಿಂತ ಒಳ್ಳೆಯ ಗುರುಗಳು ಬೇಕಿಲ್ಲ.

ಆರಂಭಿಸುವವರು ಕೆಲವು ಮಾತು ನೆನಪಿಡಬೇಕು. ಗೋಡೆ ಯಾರದೋ ಅವರ ಒಪ್ಪಿಗೆಯನ್ನು, ಸಾರ್ವಜನಿಕ ಜಾಗವಾದರೆ ನಗರಸಭೆ ಅಥವಾ ಪುರಸಭೆಯ ಅನುಮತಿಯನ್ನು ಬರವಣಿಗೆಯಲ್ಲೇ ಪಡೆಯಬೇಕು. ಊರಿನ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ. ಅನುಮತಿಯಿಲ್ಲದೆ ಜಾಹೀರಾತು ಅಂಟಿಸುವುದು ಅದರ ಪ್ರಕಾರ ಅಪರಾಧ. ಬಣ್ಣ ಹಚ್ಚಿದ ಗೋಡೆಯನ್ನು ಕಾಯಲು ಆ ಕಾಯ್ದೆಯನ್ನು ಬಳಸಿಕೊಳ್ಳಬಹುದು. ಕಸ ಹಾಕುತ್ತಿದ್ದವರಿಗೆ ಬೇರೆ ವ್ಯವಸ್ಥೆ ಆಗದೆ ಬಣ್ಣ ಬಳಿಯಬಾರದು. ಬಳಿದರೆ ಕಸ ಪಕ್ಕದ ಮೂಲೆಗೆ ಹೋಗುತ್ತದೆ ಅಷ್ಟೇ. ಹೊರಗಿನ ಕಲಾವಿದರನ್ನು ಕರೆಸುವ ಮುನ್ನ ನಮ್ಮದೇ ಊರಿನ ಬೋರ್ಡು ಬರೆಯುವವರನ್ನು ಕೇಳಬೇಕು, ಅವರ ದುಡಿಮೆಗೆ ತಕ್ಕ ಕೂಲಿ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ತಿಂಗಳು ಆ ಮೂಲೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಬಣ್ಣ ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಎದುರುಮನೆಯವರೋ ಪಕ್ಕದ ಅಂಗಡಿಯವರೋ ಹೊಣೆ ಹೊತ್ತರೆ ಒಂದು ಮೂಲೆ ಸಾಕು. ಅದು ಉಳಿದದ್ದನ್ನು ಕಂಡ ಮುಂದಿನ ಬೀದಿಯವರು ತಾವಾಗಿಯೇ ಬಂದು ವಿಧಾನ ಕೇಳುತ್ತಾರೆ.